ಅರೆನ್ಸ್ನೂಫಿಸ್‌ನ ಮೈಮೇಲಿದ್ದ ಕಪ್ಪು

ಸ್ವೀಡನ್ನಿನ ಉಪ್ಸಾಲಾದ ಒಂದು ಮ್ಯೂಸಿಯಂನಲ್ಲಿ ನಾನು ಕನ್ಸರ್ವೇಟರ್ ಆಗಿದ್ದೆ, ಅಂದರೆ ಹಳೆಯ ವಸ್ತುಗಳನ್ನು ಶುಚಿಮಾಡಿ ಕಾಪಾಡುವವಳು. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ಉಗ್ರಾಣದಿಂದ ನನ್ನ ಮೇಜಿಗೆ ಬಂದದ್ದು ಮೂವತ್ತು ಸೆಂಟಿಮೀಟರ್ ಎತ್ತರದ, ಮರಳುಗಲ್ಲಿನ ಅರೆನ್ಸ್ನೂಫಿಸ್. ಈ ಹೆಸರು ಕೇಳಿದವರು ಕಡಿಮೆ. ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯಾದಲ್ಲಿ ಗುಡಿಯ ಬಾಗಿಲು ಕಾಯುತ್ತಿದ್ದ ದೇವರು. ತಲೆಯ ಮೇಲೆ ಗರಿಯ ಕಿರೀಟ, ಮೈತುಂಬ ಅಂಟಂಟು ಕಪ್ಪು.

ಮೂರ್ತಿಯ ಜೊತೆ ಬಂದ ಹಳೆಯ ದಾಖಲೆ ಕಾರ್ಡಿನಲ್ಲಿ "ಮಸಿ, ಕೊಳೆ" ಎಂದಿತ್ತು. ನಂಬಿದೆ. ಆ ಚಳಿಗಾಲ ಸೊಂಟನೋವು ಬೇರೆ. ಮುಗಿದರೆ ಸಾಕಪ್ಪಾ ಎನ್ನಿಸಿತ್ತು. ಮೊದಲು ಪರೀಕ್ಷೆಗೆಂದು ಆ ಕಪ್ಪಿನ ಒಂದು ಚೂರು ತೆಗೆದಿಡುವುದು ನಿಯಮ, ಅದನ್ನೂ ಮಾಡಲಿಲ್ಲ. ಎಂಟು ದಿನ ಹತ್ತಿಯನ್ನು ದ್ರಾವಕದಲ್ಲಿ ಅದ್ದಿ ಒರೆಸಿದೆ, ಹತ್ತಿಯನ್ನು ಕಸಕ್ಕೆ ಹಾಕಿದೆ. ಕಲ್ಲು ಹೊಂಬಣ್ಣಕ್ಕೆ ಬಂದಾಗ ಒಳಗೊಳಗೇ ಬೀಗಿದ್ದೂ ಉಂಟು.

ಒಂಬತ್ತನೆಯ ದಿನ ಸವಿತಾ ಬಂದಳು. ಕೊಳ್ಳೇಗಾಲದ ಕಡೆಯ ಹುಡುಗಿ, ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಕಾವಲು ದೇವರುಗಳ ಮೈಗೆ ಜನ ಏನು ಹಚ್ಚುತ್ತಿದ್ದರು ಎಂಬುದೇ ಅವಳ ವಿಷಯ. ಈ ಮೂರ್ತಿಯಿಂದ ಸ್ಯಾಂಪಲ್ ತೆಗೆಯುವ ಅನುಮತಿಗೆ ಒಂದು ವರ್ಷ ಕಾದಿದ್ದಳು.

"ಅಯ್ಯೋ ಮೇಡಂ, ಕಪ್ಪೆಲ್ಲಾ ಎಲ್ಲಿ?"

"ಕೊಳೆ ಕಣಮ್ಮ, ತೆಗೆದೆ."

"ಅದು ಎಣ್ಣೆ ಇರ್ಬೇಕು ಮೇಡಂ. ಮಾದಪ್ಪನಿಗೆ ಎಣ್ಣೆಮಜ್ಜನ ಮಾಡಲ್ವಾ? ನೀವೂ ಆ ಕಡೆಯವ್ರೇ ತಾನೇ!"

ಚಾಮರಾಜನಗರದಲ್ಲಿ ಹುಟ್ಟಿ, ಎಣ್ಣೆಯಲ್ಲಿ ಮಿಂದ ಕರಿಕಲ್ಲಿಗೆ ಕೈಮುಗಿದು ಬೆಳೆದವಳು ನಾನು. ಯಾರೋ ಕಾರ್ಡಿನಲ್ಲಿ ಗೀಚಿದ ಎರಡು ಪದ ನಂಬಿ ಅಂಥ ಎಣ್ಣೆಯನ್ನೇ ಕೊಳೆ ಎಂದಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಫೀಕಾ ಹೊತ್ತಿನಲ್ಲಿ, ಅಂದರೆ ಇಲ್ಲಿನ ಕಾಫಿ ಬಿಡುವಿನಲ್ಲಿ, ನಮ್ಮ ಮುಖ್ಯಸ್ಥರು ಸ್ವೀಡಿಶ್‌ನಲ್ಲಿ ಮೆಲ್ಲಗೆ ಹೇಳಿದರು: "ಬಂದಾಗಲೇ ಶುಚಿಯಾಗಿತ್ತು ಅಂತ ಬರೆದುಬಿಡಿ." ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಹಾಗೆ ಬರೆದರೆ ಈ ದೇವರಿಗೆ ಯಾರೂ ಎಣ್ಣೆ ಹಚ್ಚಿರಲೇ ಇಲ್ಲವೆಂದು ಮುಂದಿನವರು ನಂಬುತ್ತಾರೆ. ಕಪ್ಪು ಪದರ ಇತ್ತು, ಪರೀಕ್ಷಿಸದೆ ನಾನೇ ಒರೆಸಿದೆ ಎಂದು ವರದಿ ಬರೆದು ಸಹಿ ಹಾಕಿದೆ.

ಮೂರ್ತಿಯ ಕಂಕುಳ ಸಂದಿಯಲ್ಲಿ ಸಾಸಿವೆಯಷ್ಟು ಕಪ್ಪು ಉಳಿದಿತ್ತು. ಎಣ್ಣೆಯೇ ಹೌದು ಎಂದಿತು ಲ್ಯಾಬ್. ಯಾವ ಎಣ್ಣೆ ಎಂದು ತಿಳಿಯಲು ಅಷ್ಟು ಸಾಲಲಿಲ್ಲ. ಸವಿತಾಳ ಪ್ರಬಂಧದಲ್ಲಿ ಈ ಮೂರ್ತಿಗೆಂದಿದ್ದ ಇಡೀ ಅಧ್ಯಾಯ ನಾಲ್ಕು ಪುಟಕ್ಕೆ ಇಳಿಯಿತು.

ಏನನ್ನಾದರೂ ಒರೆಸುವ ಮುಂಚೆ ಅದನ್ನು ಹಚ್ಚಿದವರು ಯಾರಿರಬಹುದು ಎಂದು ಕೇಳಿಕೊಳ್ಳಬೇಕು. ಮೂವತ್ತು ವರ್ಷದ ಕೆಲಸ ಇದನ್ನು ನನಗೆ ಕಲಿಸಿದ್ದು ಕೊನೆಗೆ, ಅದೂ ಬೇರೆಯವಳ ಖರ್ಚಿನಲ್ಲಿ. ಪ್ರಬಂಧ ಅಚ್ಚಾದ ಮೇಲೆ ಸವಿತಾ ಒಂದು ಪ್ರತಿ ತಂದುಕೊಟ್ಟಳು. "ಮೈತುಂಬ ಕಪ್ಪಿತ್ತು ಅಂತ ನೀವು ನಿಜ ಬರೀದೇ ಇದ್ದಿದ್ರೆ ಆ ನಾಲ್ಕು ಪುಟಾನೂ ಇರ್ತಿರ್ಲಿಲ್ಲ ಮೇಡಂ," ಎಂದಳು. ಆ ನಾಲ್ಕು ಪುಟ ಓದುವ ಧೈರ್ಯ ನನಗೆ ಇನ್ನೂ ಬಂದಿಲ್ಲ.