ನಾನು ಪ್ಲಂಬಿಂಗ್ ಕಲಿಯಲು ಸೇರಿದ್ದು

ಆಗ ನಾನು ವಿಮಾನಗಳಿಗೆ ಊಟ ಕಳಿಸುವ ಒಂದು ದೊಡ್ಡ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದೆ. ನಾವು ಬಂದು ನೆಲೆಸಿದ ಈ ಹೊರದೇಶದಲ್ಲಿ, ಪಾಪಟೊಯಿಟೊಯಿ ಎಂಬ ಊರಿನ ನಮ್ಮ ಮನೆಗೆ ಅದು ಹತ್ತಿರ, ಮಗಳ ಶಾಲೆಯ ಹೊತ್ತಿಗೂ ಹೊಂದುತ್ತಿತ್ತು. ಕೆಲಸ ಕೆಟ್ಟದ್ದೇನಲ್ಲ. ಆದರೆ ಟ್ರೇಗೊಂದು ಬನ್ನು, ಟ್ರೇಗೊಂದು ಬೆಣ್ಣೆ ಇಡುತ್ತಾ ಇಡುತ್ತಾ, ಈ ಕೈಗಳಿಗೆ ಇನ್ನೇನಾದರೂ ಬಂದೀತು ಅನ್ನಿಸುತ್ತಿತ್ತು.

ಅಲ್ಲಿ ಯೂನಿಯನ್ನಿನ ಪ್ರತಿನಿಧಿ ಸಮೋವಾ ದ್ವೀಪದ ಒಬ್ಬ ಹೆಂಗಸು. ನಿವೃತ್ತಿಗೆ ಹತ್ತಿರದ ವಯಸ್ಸು, ಎಲ್ಲರಿಗೂ ಆಂಟಿ. ಒಂದು ಬೆಳಿಗ್ಗೆ ಪಾತ್ರೆ ತೊಳೆಯುವ ಕಡೆ ಬಿಸಿನೀರಿನ ಪೈಪು ಒಡೆಯಿತು. ಉಳಿದವರೆಲ್ಲ ಚಹಾಕ್ಕೆ ಹೋದರು. ನಾನು ರಿಪೇರಿಗೆ ಬಂದ ಪ್ಲಂಬರನ ಪಕ್ಕದಲ್ಲೇ ನಿಂತೆ. ಅವನು ತಾಮ್ರದ ಪೈಪು ಕತ್ತರಿಸಿ, ತುದಿ ಉಜ್ಜಿ, ಸಂದಿಗೆ ಗ್ಯಾಸಿನ ಉರಿ ಹಿಡಿದ. ಬೆಸುಗೆ ಕರಗಿ ಸಂದಿನ ಸುತ್ತ ತಾನಾಗಿ ಹರಿದು ಕೂತಿತು. ಅದನ್ನು ನೋಡುತ್ತಾ ಚಹಾ ಮರೆತೇ ಹೋಯಿತು. ಆಂಟಿ ನನ್ನನ್ನು ಗಮನಿಸಿದ್ದರು. ಮರುದಿನ ಕರೆದು, ಇದನ್ನು ಕಲಿಯುವ ಮನಸ್ಸಿದೆಯೇ ಎಂದು ಕೇಳಿದರು. ವಯಸ್ಸು ಮೂವತ್ತು ದಾಟಿದೆ, ಸಣ್ಣ ಮಗಳಿದ್ದಾಳೆ ಎಂದೆ. ನಾನು ಕೇಳಿದ್ದು ಅದನ್ನಲ್ಲ ಎಂದರು.

ಅವರ ಯೂನಿಯನ್ನಿನಲ್ಲಿ ಕಟ್ಟಡ ಕೆಲಸದವರೂ ಇದ್ದರು. ಅವರಲ್ಲಿ ವಿಚಾರಿಸಿ, ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವ ಒಂದು ಕಂಪನಿ ಹುಡುಕಿದರು. ಮೊದಲು ಒಂದು ದಿನ ಕಂಪನಿಯವರ ಜೊತೆ ಕೆಲಸ ಮಾಡಿ ತೋರಿಸಬೇಕಿತ್ತು. ಗಂಡನಿಗೆ ಹೇಳಿದೆ. ಅವರು ರೊಟ್ಟಿ ತಿರುವುತ್ತಲೇ, "ಹೋಗಿ ನೋಡು. ಆಗ್ಲಿಲ್ಲಂದ್ರ ಟ್ರೇ ಏನ್ ಎಲ್ಲೂ ಓಡಿಹೋಗೂದಿಲ್ಲ" ಎಂದರು. ಗದಗಿನಲ್ಲಿದ್ದ ಅವ್ವ ಮಾತ್ರ ಫೋನಿನಲ್ಲಿ ಪ್ರಶ್ನೆ ಹಾಕಿದಳು.

"ಗಟಾರದ ಕೆಲಸ ಏನವಾ ಅದು?"

"ಅದೂ ಇರ್ತದವ್ವಾ. ನೀರಿನ ಕೆಲಸ, ಗ್ಯಾಸಿನ ಕೆಲಸ, ಎಲ್ಲಾ ಇರ್ತದ."

"ಹಂಗಾರ ಕೈಗೆ ಗ್ಲೌಸ್ ಹಾಕ್ಕೊಂಡ ಮಾಡು."

ಆ ದಿನದ ಕೆಲಸ ಒಂದು ಹಳೆಯ ಮರದ ಮನೆಯಲ್ಲಿ. ಇಲ್ಲಿನ ಇಂಥ ಮನೆಗಳು ಗಿಡ್ಡ ಕಂಬಗಳ ಮೇಲೆ ನಿಂತಿರುತ್ತವೆ. ಪೈಪುಗಳೆಲ್ಲ ನೆಲಹಲಗೆಯ ಕೆಳಗೆ. ಎಲ್ಲೋ ನೀರು ಸೋರುತ್ತಿತ್ತು, ತೆವಳಿಕೊಂಡು ಹೋಗಿ ಜಾಗ ಹುಡುಕಬೇಕಿತ್ತು. ಜೊತೆಗಿದ್ದ ಫೋರ್‌ಮನ್ ನೆರೆಗೂದಲಿನ, ಇದೇ ದೇಶದ ಮನುಷ್ಯ. ನಾನು ಎಲ್ಲಿಯವಳು, ಯಾಕೆ ಬಂದೆ ಎಂದೇನೂ ಕೇಳದೆ ಟಾರ್ಚ್ ಕೊಟ್ಟರು. ಗೋಡೆಯ ಬುಡದಲ್ಲಿದ್ದ ಸಣ್ಣ ಬಾಗಿಲಿನಿಂದ ಒಳಗೆ ನುಸುಳಿದೆ. ಸ್ವಲ್ಪ ದೂರ ಹೋದ ಮೇಲೆ ಜಾಕೆಟ್ಟಿನ ಬೆನ್ನು ಮೊಳೆಗೆ ಸಿಕ್ಕಿಕೊಂಡಿತು. ಹಿಂದಕ್ಕೂ ಆಗಲಿಲ್ಲ, ಮುಂದಕ್ಕೂ ಆಗಲಿಲ್ಲ. ಉಸಿರೇ ಸಿಗದಂತಾಯಿತು. ನಾನು ಕೂಗಲಿಲ್ಲ, ಆದರೂ ಅವರಿಗೆ ಗೊತ್ತಾಗಿರಬೇಕು. ಒದ್ದೆ ಹುಲ್ಲಿನ ಮೇಲೆ ಬೋರಲಾಗಿ ಮಲಗಿ, ಸಣ್ಣ ಬಾಗಿಲಿನಲ್ಲಿ ಮುಖವಿಟ್ಟು ಮೆಲ್ಲಗೆ ಮಾತಾಡಿದರು.

"ದೂರಕ್ಕೆ ನೋಡಬೇಡ. ಟಾರ್ಚ್ ಬೆಳಕು ಬಿದ್ದಲ್ಲಿ ಏನಿದೆ, ಅಷ್ಟೇ ಹೇಳು."

ತಾಮ್ರದ ಪೈಪು ಎಂದೆ. ಆಮೇಲೆ ಜೇಡನ ಬಲೆ. ಆಮೇಲೆ ತುಕ್ಕು ಹಿಡಿದ ಕಬ್ಬಿಣದ ಪೈಪು, ಅದರ ಕೆಳಗೆ ಒದ್ದೆ ಮಣ್ಣು. ಹೇಳುತ್ತಾ ಹೇಳುತ್ತಾ ಉಸಿರು ಹಿಂತಿರುಗಿತು. ಒಂದು ತೋಳು ಕಳಚಿ ಜಾಕೆಟ್ ಬಿಡಿಸಿಕೊಂಡೆ, ಹನಿ ಬೀಳುವ ಜಾಗಕ್ಕೆ ಹೋಗಿ ಸೀಮೆಸುಣ್ಣದಿಂದ ಗುರುತು ಹಾಕಿದೆ. ಹೊರಗೆ ಬಂದಾಗ ಅವರ ಅಂಗಿಯೂ ನನ್ನದರಷ್ಟೇ ಕೆಸರಾಗಿತ್ತು. ಅವರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು, ಆಫೀಸಿಗೆ ಫೋನ್ ಮಾಡಿ, ಇವಳು ಸೋಮವಾರದಿಂದ ಬರಲಿ ಎಂದರು. ಕಪ್ಪು ಹಿಡಿದುಕೊಂಡು ಅತ್ತುಬಿಟ್ಟೆ. ಅವರು ಪೈಪು ಎತ್ತಿಡುವ ನೆಪದಲ್ಲಿ ವ್ಯಾನಿನ ಆಚೆ ಹೋದರು.

ಕಂಪನಿಯವರ ಜೊತೆ ಕೂತು ಮಾತಾಡುವ ದಿನ ಆಂಟಿ ರಜೆ ಹಾಕಿ ನನ್ನ ಪಕ್ಕದಲ್ಲಿ ಕೂತರು. ಕ್ಲಾಸಿಗೆ ಹೋಗುವ ದಿನಕ್ಕೂ ಸಂಬಳ ಇದೆಯೇ, ಸೈಟಿನಲ್ಲಿ ಹೆಂಗಸರಿಗೆ ಬೀಗ ಇರುವ ಟಾಯ್ಲೆಟ್ ಇದೆಯೇ, ಇವಳ ಕಾಲಿಗೆ ಸರಿಯಾದ ಬೂಟು ಇದೆಯೇ ಎಂದು ಒಂದೊಂದಾಗಿ ಕೇಳಿದರು. ನಾನಾಗಿದ್ದರೆ ಇವುಗಳಲ್ಲಿ ಒಂದನ್ನೂ ಕೇಳುತ್ತಿರಲಿಲ್ಲ; ಗಂಡಸರ ಬೂಟಿಗೆ ಎರಡು ಜೊತೆ ಕಾಲುಚೀಲ ತುರುಕಿಕೊಂಡು ಓಡಾಡುತ್ತಿದ್ದೆ. ಬೂಟಿಗೆ ಮಾತ್ರ ಕೆಲವು ವಾರ ಕಾಯಬೇಕಾಯಿತು, ಉಳಿದದ್ದಕ್ಕೆಲ್ಲ ಕಂಪನಿಯವರು ಒಪ್ಪಿದರು.

ಹೋದ ಬೇಸಿಗೆಯಲ್ಲಿ ಆಂಟಿ ನಿವೃತ್ತರಾದರು. ಅವರ ಚರ್ಚಿನ ಸಭಾಂಗಣದಲ್ಲಿ ಊಟವಿತ್ತು. ಗಂಡ, ಮಗಳ ಜೊತೆ ನಾನೂ ಹೋಗಿದ್ದೆ. ಆಂಟಿ ನನ್ನ ಕೈ ಹಿಡಿದು ಮೇಜಿನಿಂದ ಮೇಜಿಗೆ ಕರೆದೊಯ್ದು, ಇವಳು ಪ್ಲಂಬರ್ ಎಂದು ಪರಿಚಯಿಸಿದರು. ಇನ್ನೂ ಅಪ್ರೆಂಟಿಸ್, ಪರೀಕ್ಷೆಗಳು ಬಾಕಿ ಇವೆ ಎಂದು ನಾನು ತಿದ್ದಿದೆ. ಇರಲಿ ಬಿಡು ಎಂದು ಅವರು ಮುಂದಿನ ಮೇಜಿಗೆ ಎಳೆದುಕೊಂಡು ಹೋದರು.