ಗಂಟೆಯ ನಾಲಗೆಗೆ ಕಟ್ಟಿದ ಬಟ್ಟೆ

ಹಬ್ಬಕ್ಕೆಂದು ದೇವರ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಕೈಗಂಟೆಯನ್ನು ಮಗುಚಿದರೆ ಅದರ ನಾಲಗೆಯ ಸುತ್ತ ಹಸಿರುಗಟ್ಟಿದ ಆ ಗೆರೆ. ಪ್ರತಿ ವರ್ಷ ತಿಕ್ಕುತ್ತೇನೆ, ಹೋಗುವುದಿಲ್ಲ. ಒಮ್ಮೆ ಅಲ್ಲಿ ಬಟ್ಟೆಯ ಚೂರೊಂದನ್ನು ಕಟ್ಟಿದ್ದೆ. ದೇವರ ಗಂಟೆಯ ಬಾಯಿ ಕಟ್ಟಿದ ಭಕ್ತೆ ನಾನು! ಯಾಕೆಂದು ಹೇಳುತ್ತೇನೆ, ಕೇಳಿ.

ತೊಂಬತ್ತರ ದಶಕ, ಫೇರ್‌ಫ್ಯಾಕ್ಸಿನ ಹಳೆಯ ಅಪಾರ್ಟ್‌ಮೆಂಟು. ನಮ್ಮವರು ಏಳಕ್ಕೇ ಮೆಟ್ರೋ ಹಿಡಿದು ವಾಷಿಂಗ್ಟನ್ನಿಗೆ ಹೋದರೆ ಮನೆಯಲ್ಲಿ ನಾನು, ದೇವರು, ಫ್ರಿಜ್ಜಿನ ಗುಂಯ್ ಸದ್ದು. ದೇವರಾದರೂ ಇದ್ದನಲ್ಲ, ಅದೇ ದೊಡ್ಡದು. ನಮ್ಮವರದು ಬಿಟ್ಟರೆ ಕನ್ನಡದ ಮಾತು ಕಿವಿಗೆ ಬೀಳುತ್ತಿದ್ದುದು ಭಾನುವಾರ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೋದಾಗ ಮಾತ್ರ. ಪಕ್ಕದವರು ದೂರು ಕೊಟ್ಟಾರೆಂದು ನನಗೆ ಸದಾ ಭಯ. ಕುಕ್ಕರ್ ಕೂಗುವ ಮೊದಲೇ ಓಡಿ ಆರಿಸುತ್ತಿದ್ದೆ. ಒಗ್ಗರಣೆಗೆ ಮುಂಚೆ ಕಿಟಕಿ ತೆಗೆದು, ವಾಸನೆ ಹೊರಗೆ ಹೋದೀತೆಂದು ಮತ್ತೆ ಮುಚ್ಚುತ್ತಿದ್ದೆ. ಗಂಟೆಯೊಂದನ್ನು ಮಾತ್ರ ದಿನಾ ಒಂಬತ್ತಕ್ಕೆ ಧಾರಾಳವಾಗಿ ಬಾರಿಸುತ್ತಿದ್ದೆ.

ಗೋಡೆಯಾಚೆ ಒಬ್ಬ ಮುದುಕರು. ಕೆರೊಲಿನಾದ ಕಡೆಯವರು, ಕಂಟ್ರಿ ಎನ್ನುವ ಅಲ್ಲಿನ ಹಳ್ಳಿಧಾಟಿಯ ಹಾಡುಗಾರರು. ಒಂದು ಕಾಲಕ್ಕೆ ರೇಡಿಯೋದಲ್ಲಿ ಹಾಡುತ್ತಿದ್ದರಂತೆ. ಕುಡಿತ ಹಾಡನ್ನೂ ಸಂಸಾರವನ್ನೂ ತಿಂದುಹಾಕಿತ್ತು. ಬೆಳಗಿನ ಹೊತ್ತು ಗಿಟಾರು ಹಿಡಿದು ಹಾಡುತ್ತಿದ್ದರು. ಮಾತು ನನಗೆ ತಿಳಿಯುತ್ತಿರಲಿಲ್ಲ, ರಾಗ ಮಾತ್ರ ಗೋಡೆ ದಾಟಿ ಬರುತ್ತಿತ್ತು.

ಒಂದು ದಿನ ಬಾಗಿಲು ಬಡಿದರು. “ಒಳಗೆ ಹಾಡು ರೆಕಾರ್ಡ್ ಮಾಡ್ತಿದ್ದೀನಮ್ಮಾ. ನಿಮ್ಮ ಆ ಗಂಟೆ...” ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು. ಮುಂದಿನದನ್ನು ನಾನು ಕೇಳಿದರೆ ತಾನೆ? “ಸಾರಿ ಸಾರ್, ಸಾರಿ ಸಾರ್” ಎಂದು ಕೈಮುಗಿದು ಬಾಗಿಲು ಹಾಕಿಕೊಂಡೆ. ಬಂತಲ್ಲ ದೂರು! ಹಳೇ ಪಂಚೆಯ ಚೂರನ್ನು ಒದ್ದೆ ಕೈಯಲ್ಲೇ ಗಂಟೆಯ ನಾಲಗೆಗೆ ಬಿಗಿದೆ. ಗಂಟೆ ಆಡಿತು, ಸದ್ದಿಲ್ಲ. ನಿನಗೆ ಕೇಳಿತಲ್ಲ ತಂದೆ, ಸಾಕು ಎಂದೆ.

ಆಚೆ ಹಾಡೂ ನಿಂತಿತು. ಬಾಟಲಿ ಉರುಳುವ ಸದ್ದು ಕೇಳುತ್ತಿತ್ತು. ವಾರ ಕಳೆದು, ಶನಿವಾರ ನಮ್ಮವರು ಲಾಂಡ್ರಿಯಿಂದ ಬುಟ್ಟಿ ಹೊತ್ತು ಬಂದರು.

“ಏನೇ, ಗಂಟೆ ಬಾರಿಸೋದು ಬಿಟ್ಯಾ? ಪಕ್ಕದ ಸಿಂಗರ್ ಕೇಳ್ತಿದ್ದಾರೆ.”

“ಅವರೇ ಅಲ್ವೇನ್ರೀ ಕಂಪ್ಲೇಂಟ್ ಮಾಡಿದ್ದು?”

“ಕಂಪ್ಲೇಂಟೂ ಇಲ್ಲ, ಮಣ್ಣೂ ಇಲ್ಲ. ಲಿವರ್ ಹೋಗಿದೆಯಂತೆ, ಜಾಸ್ತಿ ದಿನ ಇಲ್ಲ. ಮಗಳಿಗೆ ಅಂತ ಹಾಡು ರೆಕಾರ್ಡ್ ಮಾಡ್ತಿದ್ದಾರೆ. ನಿನ್ನ ಗಂಟೆ ಆಗೋತನಕ ಕುಡಿಯೋದಿಲ್ಲ, ಟೇಪ್ ಹಾಕಿಟ್ಟು ಕಾಯೋದು, ಆದ ತಕ್ಷಣ ಹಾಡೋದು, ಅದು ಅವರ ರೂಲು. ಥ್ಯಾಂಕ್ಸ್ ಹೇಳೋಕೆ ಬಂದ್ರೆ ಮುಖದ ಮೇಲೆ ಬಾಗಿಲು ಹಾಕಿದ್ಯಂತೆ! ಗಂಟೆ ಇಲ್ದೆ, ಕಾದು ಕಾದು ಬಾಟಲಿ ತೆಗೆದ್ರಂತೆ.”

ಕತ್ತರಿ ಹುಡುಕಿ ಬಟ್ಟೆ ಕತ್ತರಿಸಿದೆ. ಹೊತ್ತು ಹನ್ನೊಂದು ದಾಟಿತ್ತು, ದಾಟಲಿ. ಮಣಿಕಟ್ಟು ನೋಯುವವರೆಗೆ ಬಾರಿಸಿ ಗೋಡೆಗೆ ಕಿವಿಯಿಟ್ಟೆ. ಮೊದಲು ಕೆಮ್ಮು. ಆಮೇಲೆ ತಂತಿ ಬಿಗಿಯುವ ಸದ್ದು. ಆಮೇಲೆ ಹಾಡು. ಆ ದೇಶಕ್ಕೆ ಹೋದಮೇಲೆ ನಾನು ಮಾಡುವ ಸದ್ದಿಗಾಗಿ ಕಾದು ಕೂತವರು ಅವರೊಬ್ಬರೇ.

ಹನ್ನೆರಡು ದಿನ ಹಾಗೆ ನಡೆಯಿತು. ಹದಿಮೂರನೆಯ ದಿನ ಗಂಟೆಗೆ ಉತ್ತರ ಬರಲಿಲ್ಲ. ತಟ್ಟೆಯಲ್ಲಿ ಕರ್ಪೂರ ಉರಿದು ಮುಗಿಯಿತು. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ.

ಮನೆ ಖಾಲಿ ಮಾಡಲು ಕೆರೊಲಿನಾದಿಂದ ಮಗಳು ಬಂದಳು. ನಮ್ಮ ಬಾಗಿಲಲ್ಲೇ ನಿಂತು ಟೇಪ್ ಹಾಕಿದಳು. “ಪ್ರತಿ ಹಾಡಿಗೂ ಮುಂಚೆ ಗಂಟೆಯ ಸದ್ದು ಕೇಳಿಸುತ್ತೆ. ಇದೇನಂತ ಗೊತ್ತಾ ನಿಮಗೆ?” ಒಳಗೆ ಕರೆದು ದೇವರ ಗೂಡು ತೋರಿಸಿದೆ. ಕೂತು ಕೇಳಿದೆವು. ಕೊನೆಯ ಹಾಡು ನಡುವೆಯೇ ನಿಂತಿತು. “ಅಪ್ಪನಿಗೆ ಇನ್ನೊಂದು ವಾರ ಸಿಕ್ಕಿದ್ದರೆ ಮುಗಿಸ್ತಿದ್ದರು” ಎಂದಳು.

ಆ ವಾರ ನನ್ನ ಹತ್ತಿರವೇ ಇತ್ತು, ಬಟ್ಟೆ ಕಟ್ಟಿ ಇಟ್ಟಿದ್ದೆ. ಅವಳಿಗೆ ಹೇಳಲಿಲ್ಲ; ಕಾಫಿ ಕೊಟ್ಟೆ. ಉಳಿದ ಹಾಡುಗಳಾದರೂ ಪೂರ್ತಿಯಾದವಲ್ಲ, ಅದು ದೇವರ ಕರುಣೆ ಎಂದು ಅಂದಿನಿಂದ ಹೇಳಿಕೊಳ್ಳುತ್ತಲೇ ಇದ್ದೇನೆ.

ಇವತ್ತು ಆ ಗೆರೆಯನ್ನು ತಿಕ್ಕುವುದು ಬಿಟ್ಟೆ. ಗಂಟೆ ಒರೆಸಿ, ದೇವರ ಮುಂದೆ ಕೂತು ಬಾರಿಸಿದೆ. ಬಾಯಿ ತಾನಾಗಿ ಅರ್ಧ ಉಳಿದ ಆ ಹಾಡಿನ ರಾಗವನ್ನು ಗುನುಗುತ್ತಿತ್ತು. ಅವರು ನಿಲ್ಲಿಸಿದ ಕಡೆಗೆ ಬಂದು ನಾನೂ ನಿಂತೆ. ಅಲ್ಲಿಂದ ಮುಂದೆ ನನಗೆ ಬಾರದು.