ಒಂದೇ ಫೋನ್ ನಂಬರಿನ ಊರು

ವರದಿ ಮೊದಲ ಸಲ ತನ್ನಷ್ಟಕ್ಕೆ ತಾನೇ ತಯಾರಾಗಿ ಬಂದ ಬೆಳಿಗ್ಗೆ ನಾನು ಕುರ್ಚಿಯಿಂದ ಎದ್ದು ಕೂಗಿಯೇಬಿಟ್ಟೆ. ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರಿನ ಕೆಲಸವೆಲ್ಲ ನನ್ನದು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ ಕರೆಯುತ್ತಾರೆ. ಅಂಥ ನಾನು ಇಲ್ಲಿಯ ಡೇಟಾಬೇಸನ್ನೂ ಹರಿಹರದ ನಮ್ಮ ಶಾಖೆಯ ಡೇಟಾಬೇಸನ್ನೂ ಜೋಡಿಸಿ, ದಿನಾ ಬೆಳಿಗ್ಗೆ ಎರಡೂ ಕಡೆಯ ಲೆಕ್ಕ ಒಂದೇ ಪರದೆಯ ಮೇಲೆ ಬರುವ ಹಾಗೆ ಮಾಡಿದ್ದೆ. ಎರಡೂ ಬೇರೆ ಬೇರೆ ಕಾಲದಲ್ಲಿ ಕೊಂಡ ಸಾಫ್ಟ್‌ವೇರುಗಳು. ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಅವನ್ನು ಮಾತಾಡಿಸಿದೆನಲ್ಲ! ಆ ಖುಷಿಗೆ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಿದೆ.

ಲ್ಯಾಬಿನ ಮಾಲೀಕರಾದ ಡಾಕ್ಟರು ಮಿರ್ಚಿ ತಿನ್ನುತ್ತಲೇ ಪರದೆ ನೋಡಿದರು. ಬಂದು ಹೋದ ರೋಗಿಗಳು ಎಷ್ಟು ಜನ ಎಂದು ತೋರಿಸುವ ಎರಡು ಕಂಬಗಳು. ದಾವಣಗೆರೆಯದು ಎತ್ತರಕ್ಕೆ ನಿಂತಿತ್ತು, ಹರಿಹರದ್ದು ನೆಲ ಬಿಟ್ಟು ಮೇಲೆದ್ದಿರಲಿಲ್ಲ.

"ಹರಿಹರದಾಗೆ ಜನನೇ ಇಲ್ಲಲ್ಲಮ್ಮ! ಆ ಶಾಖೆ ಯಾಕ ಇಟ್ಕೊಂಡು ಕೂತೀವಿ ನಾವು? ಈ ತಿಂಗಳಿಗೇ ಮುಚ್ಚಿಬಿಡಾಣ" ಎಂದರು. ಕೈ ಒರೆಸಿಕೊಂಡು ಅಲ್ಲಿಂದಲೇ ಫೋನ್ ಮಾಡಿ ಹೇಳಿಯೂಬಿಟ್ಟರು.

ಆ ಫೋನ್ ಎತ್ತಿದ್ದು ಹರಿಹರದ ಅಕ್ಕ. ನನಗಿಂತ ಹಿರಿಯರಾದ್ದರಿಂದ ಅಕ್ಕ ಅನ್ನುತ್ತೇನೆ. ಶಾಖೆಯ ಬಾಗಿಲು ತೆಗೆಯುವುದು, ರಕ್ತ ತೆಗೆಯುವುದು, ಹೆಸರು ಬರೆದುಕೊಳ್ಳುವುದು, ಎಲ್ಲ ಅವರೊಬ್ಬರೇ. ಅವರ ಮನೆ ನಡೆಯುವುದೇ ಆ ಕೆಲಸದಿಂದ. ದಾವಣಗೆರೆಯಲ್ಲಿ ಅವರಿಗೆ ಕೊಡಲು ಬೇರೆ ಜಾಗ ಇರಲಿಲ್ಲ. ಡಾಕ್ಟರು ಫೋನ್ ಇಟ್ಟ ಮರುಗಳಿಗೆ ನನ್ನ ಫೋನ್ ರಿಂಗಾಯಿತು.

"ಏನವ್ವಾ, ಜನ ಇಲ್ಲ ಅಂತ ಬರೆದಾಕಿ ನೀನಂತೆ? ಬೆಳಗ್ಗೆ ನಂಗೆ ಉಸಿರಾಡಾಕೆ ಪುರಸೊತ್ತಿರಲ್ಲ. ನಿನ್ನ ಕಂಪ್ಯೂಟ್ರಿಗೆ ಕಣ್ಣು ಕಾಣಲ್ಲೇನು?"

ನನಗೆ ಮೂಗಿನ ತುದಿಯಲ್ಲೇ ಕೋಪ. ನನ್ನ ಹೊಚ್ಚ ಹೊಸ ವರದಿಯನ್ನು ಬೈದರೆ ಸುಮ್ಮನಿರುವುದುಂಟೇ? "ಲೆಕ್ಕ ಏನು ನಾನು ಮನೆಯಿಂದ ತಂದು ಹಾಕ್ತೀನಾ ಅಕ್ಕಾ? ನೀವು ಬರೆದಿದ್ದೇ ಬಂದೈತೆ" ಎಂದು ರೇಗಿದೆ. ರೇಗಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ನನ್ನದೇ ಸರಿ ಎಂದು ತೋರಿಸಿಕೊಡಲು ಹರಿಹರದ ರೋಗಿಗಳನ್ನು ಒಬ್ಬೊಬ್ಬರಾಗಿ ತೆರೆದು ನೋಡತೊಡಗಿದೆ.

ಕೊಕ್ಕನೂರಿನ ಒಬ್ಬ ಯಜಮಾನರು ಸಿಕ್ಕಿದರು. ಅರವತ್ತು ದಾಟಿದವರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಸಕ್ಕರೆ ಕಾಯಿಲೆ ಇರಲೂ ಇಲ್ಲ. ಡೆಂಗಿ ಇತ್ತು, ಥೈರಾಯ್ಡ್ ಇತ್ತು. ಕೊನೆಯಲ್ಲಿ ನೋಡಿದರೆ, ಅಯ್ಯೋ ಶಿವನೇ, ಅವರು ಬಸುರಿ! ನಾನು ಬಿದ್ದು ಬಿದ್ದು ನಕ್ಕೆ. ನಕ್ಕು ಸುಸ್ತಾದ ಮೇಲೆ ಆ ಸಾಲನ್ನು ಮತ್ತೆ ಓದಿದೆ. ಯಜಮಾನರು ಬಸುರಿಯಲ್ಲ ಎಂದರೆ ಬಸುರಿ ಇನ್ಯಾರೋ ಇದ್ದಾಳೆ, ಮತ್ತು ನನ್ನ ವರದಿಯಲ್ಲಿ ಅವಳು ಇಲ್ಲವೇ ಇಲ್ಲ. ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕಿಕೊಂಡು ಹರಿಹರದ ಬಸ್ಸು ಹತ್ತಿದೆ.

ಅಕ್ಕ ನನ್ನನ್ನು ಕಂಡು ಮುಖ ಊದಿಸಿಕೊಂಡೇ ಇದ್ದರು. ಯಜಮಾನರ ನಂಬರು ತೋರಿಸಿದ್ದೇ ತಡ, "ಅಯ್ಯ, ಇದು ಗಿರಣಿ ನಂಬ್ರಲ್ಲೇನು!" ಎಂದರು.

"ಯಾವ ಗಿರಣಿ?"

"ಕೊಕ್ಕನೂರಿನ ಹಿಟ್ಟಿನ ಗಿರಣಿ, ಈ ಯಜಮಾನ್ರದೇ. ಹಗಲೆಲ್ಲ ಜನ ಹೊಲದಾಗೆ ಇರ್ತಾರೆ, ಮನೆ ಫೋನು ಮಗನ ಜೇಬಿನಾಗೆ ಇರ್ತೈತೆ. ಗಿರಣಿಯವರು ಎಲ್ಲೂ ಹೋಗಲ್ಲ ನೋಡು. ಅದಕ್ಕೆ ಎಲ್ರೂ ಅವರ ನಂಬ್ರೇ ಬರೆಸ್ತಾರೆ. 'ನಿಂದು ಬಂದೈತಂತೆ, ಹೋಗಿ ಇಸ್ಕೊಂಡು ಬಾ' ಅಂತ ಅವರು ಹೇಳಿದ್ರೆ, ಬಂದು ನನ್ನ ಕೈಯಿಂದ ಕಾಗದ ಒಯ್ತಾರೆ. ಒಂದೊಂದು ಊರಿಗೆ ಒಂದೊಂದು ನಂಬ್ರು. ಅದರಾಗೆ ತಪ್ಪೇನೈತೆ?"

"ಸಿಕ್ತು ಅಕ್ಕಾ, ಸಿಕ್ತು!" ಎಂದು ನಾನು ಕುಣಿದಾಡಿದೆ. ರಕ್ತ ಕೊಡಲು ತೋಳು ಚಾಚಿ ಕೂತಿದ್ದ ಹೆಂಗಸು ಗಾಬರಿಯಾದಳು. ಎರಡು ಡೇಟಾಬೇಸು ಜೋಡಿಸುವಾಗ ನಾನು ಹಾಕಿದ್ದ ನಿಯಮ ಒಂದೇ: ಫೋನ್ ನಂಬರು ಒಂದೇ ಆದರೆ ಮನುಷ್ಯನೂ ಒಬ್ಬನೇ. ಪಿ.ಜೆ. ಬಡಾವಣೆಯಲ್ಲಿ ಒಬ್ಬೊಬ್ಬರ ಬಳಿ ಎರಡೆರಡು ಫೋನು, ಅಲ್ಲಿ ಆ ನಿಯಮ ನಡೆದುಹೋಗಿತ್ತು. ಇಲ್ಲಿ ಇಡೀ ಊರು ಗಿರಣಿಯವರೊಬ್ಬರ ಮೈಮೇಲೆ ಬಿದ್ದಿತ್ತು. ಪುಣ್ಯಕ್ಕೆ ಹರಿಹರದ ಮೂಲ ಡೇಟಾಬೇಸಿನಲ್ಲಿ ಎಲ್ಲರ ಹೆಸರೂ ಹಾಗೇ ಇದ್ದವು.

ಅಕ್ಕನ ಮೇಜಿನ ಮೇಲೇ ಕೂತು ನಿಯಮ ಬದಲಿಸಿದೆ. ನಂಬರು ಬಿಟ್ಟು ಹೆಸರು, ಊರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಇಷ್ಟೂ ಹೊಂದಿದರೆ ಮಾತ್ರ ಒಬ್ಬರೇ ಎಂದೆ. "ವಯಸ್ಸಿನ ಮಾತು ಬಿಡವ್ವ, ಒಂದ್ಸಲ ಐವತ್ತು ಅಂದೋರು ಮುಂದಿನ ಸಲ ನಲವತ್ತೈದು ಅಂತಾರೆ" ಎಂದು ಅಕ್ಕ ನಕ್ಕರು. ಸರಿ, ವಯಸ್ಸಿಗೆ ಸ್ವಲ್ಪ ಸಡಿಲ ಬಿಟ್ಟೆ. ಪ್ರೋಗ್ರಾಮು ಓಡಿಸಿದರೆ ಅರ್ಧಕ್ಕೇ ನಿಂತಿತು. ಯಾರದೋ ಊರಿನ ಹೆಸರು ಬರೆಯುವ ಜಾಗ ಖಾಲಿ ಇತ್ತು. ದರಿದ್ರದ್ದೇ ಎಂದು ಬೈದೆ. "ಬೈದ್ರೆ ಕೇಳ್ತೈತೇನು ಅದು?" ಎಂದು ಅಕ್ಕ ಚಹಾ ತಂದಿಟ್ಟರು. ಖಾಲಿ ಜಾಗಕ್ಕೂ ಒಂದು ದಾರಿ ಮಾಡಿ ಮತ್ತೆ ಓಡಿಸಿದೆ. ಈ ಸಲ ನಿಲ್ಲಲಿಲ್ಲ. ಹರಿಹರದ ಕಂಬ ಏಳತೊಡಗಿತು. ಎದ್ದಿತು, ಇನ್ನೂ ಎದ್ದಿತು! ಡಾಕ್ಟರಿಗೆ ಫೋನ್ ಮಾಡಿ, ಅಕ್ಕನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಸರ್, ವರದಿ ಇನ್ನೊಂದ್ಸಲ ತೆಗೆದು ನೋಡ್ರಿ."

ಡಾಕ್ಟರು ಮೌಸು ಒತ್ತುವ ಸದ್ದು ಕೇಳಿತು. ಆಮೇಲೆ, "ಇದೇನಮ್ಮ, ಹರಿಹರ ನಮ್ಮ ಸಮಕ್ಕೆ ಬಂದೈತೆ! ಬೆಳಗ್ಗೆ ಇಲ್ಲದ ಜನ ಈಗ ಎಲ್ಲಿಂದ ಬಂದ್ರು? ಅಕ್ಕನ ಮೇಲಿನ ಪ್ರೀತಿಗೆ ಏನಾರ ತಿದ್ದಿದಿಯೇನು?"

ಅಕ್ಕನ ಮುಖ ಸಣ್ಣದಾಯಿತು. "ಸರ್, ತಿದ್ದಲಿಲ್ಲ ಅಂದ್ರೆ ಕೊಕ್ಕನೂರಿನ ಗಿರಣಿಯವರಿಗೆ ಸೀಮಂತ ಮಾಡ್ಬೇಕಾಗ್ತಿತ್ತು" ಎಂದು ಎಲ್ಲ ಹೇಳಿದೆ. ಡಾಕ್ಟರು ಕೆಮ್ಮು ಬರುವ ತನಕ ನಕ್ಕರು. ನಕ್ಕು ಮುಗಿದ ಮೇಲೆ, "ಮುಚ್ಚೋದು ಬ್ಯಾಡ ಬಿಡಮ್ಮ. ಆ ಯಮ್ಮಂಗೆ ಹೇಳು, ಎಂದಿನಂಗೆ ಬಾಗ್ಲು ತೆಗೀಲಿ" ಎಂದರು.

ನಾನು ಕಿರುಚಿದೆ. ಅಕ್ಕ ಕಿರುಚಲಿಲ್ಲ. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತು, "ಆ ಬಸುರಿ ಎಲ್ಲಿ, ತೋರ್ಸು" ಎಂದರು. ತೋರಿಸಿದೆ. ಈಗ ಅವಳದೇ ಹೆಸರು, ಅವಳದೇ ವಯಸ್ಸು, ಬೇರೆಯೇ ಒಂದು ಸಾಲು. ಅಕ್ಕ ಅದನ್ನು ಓದಿ ಕಣ್ಣು ಒರೆಸಿಕೊಂಡರು.

"ಈ ಹುಡುಗಿ ಸಂತೆಗೆ ಬಂದೋಳು ಹಂಗೇ ಒಳಗೆ ಬಂದ್ಲು. ಪರೀಕ್ಷೆಗೆ ಅಂತ ದಾವಣಗೆರೆ ತನಕ ಇವಳನ್ನ ಯಾರು ಕಳಿಸ್ತಿದ್ರು? ಈ ಬಾಗ್ಲು ಇರ್ಲಿಲ್ಲ ಅಂದಿದ್ರೆ ಸುಮ್ನೆ ಮನೆಗೆ ಹೋಗ್ತಿದ್ಲು."

ಅಷ್ಟು ಹೊತ್ತೂ ನಾನು ಅಕ್ಕನ ಕೆಲಸ ಉಳಿಸಿದೆ ಎಂದುಕೊಂಡು ಕುಣಿಯುತ್ತಿದ್ದೆ; ಉಳಿದದ್ದು ಆ ಹುಡುಗಿ ಒಳಗೆ ಬಂದ ಬಾಗಿಲು.